ತಂದೆ ತಾಯಿಯಿಂದ ಮಕ್ಕಳಿಗೆ ಬರುವ ರಕ್ತದ ಗುಂಪು



ಹತ್ತಿರದ ನೆಂಟಸ್ತಿಕೆಯನ್ನು ನಾವು 'ರಕ್ತ ಸಂಬಂಧ' ಎಂದು ಕರೆಯುತ್ತೇವೆ. ಅಣ್ಣ ತಮ್ಮಂದಿರು ಜಗಳವಾಡಿದರೆ 'ಒಂದೇ ರಕ್ತ ಹಂಚಿಕೊಂಡು ಹುಟ್ಟಿದವರು ಹೀಗೆ ಮಾಡಬಹುದೇ?' ಎಂದು ಮನೆಯ ಹಿರಿಯರು ಬುದ್ಧಿ ಹೇಳುತ್ತಾರೆ. ಮಾತಿನ ಮಟ್ಟಿಗೆ ಇದು ಸರಿಯೇ. ಆದರೆ ಅದೇ ಅಣ್ಣ ಅಪಘಾತಕ್ಕೆ ಸಿಕ್ಕಿ ಆಸ್ಪತ್ರೆ ಸೇರಿದಾಗ ತಮ್ಮನ ರಕ್ತ ಅವನಿಗೆ ಹೊಂದದೆ ಹೋಗಬಹುದು. ಎಂದೂ ಮುಖ ನೋಡದ ಯಾರೋ ಅಪರಿಚಿತರ ರಕ್ತ ಹೊಂದಿಬಿಡಬಹುದು. ಹಾಗಾದರೆ ರಕ್ತ ಸಂಬಂಧ ಎಂಬ ಮಾತಿಗೂ ರಕ್ತದ ಗುಂಪಿಗೂ ಇರುವ ನಂಟು ಎಂಥದು?

ಪದವಿಪೂರ್ವ ತರಗತಿಯ ಜೀವಶಾಸ್ತ್ರ ಪ್ರಯೋಗಶಾಲೆಯಲ್ಲಿ ನಿಮ್ಮಲ್ಲಿ ಅನೇಕರು ನಿಮ್ಮ ರಕ್ತದ ಗುಂಪನ್ನು ನೀವೇ ಕಂಡುಕೊಂಡಿರಬಹುದು. ಬೆರಳ ತುದಿಯನ್ನು ಚುಚ್ಚಿ, ಗಾಜಿನ ಫಲಕದ ಮೇಲೆ ಮೂರು ಹನಿ ರಕ್ತವಿಟ್ಟು, ಒಂದಕ್ಕೆ ನೀಲಿ ಬಣ್ಣದ ದ್ರವ, ಇನ್ನೊಂದಕ್ಕೆ ಹಳದಿ ಬಣ್ಣದ ದ್ರವ, ಮೂರನೆಯದಕ್ಕೆ ಬಣ್ಣವಿಲ್ಲದ ದ್ರವ ಬೆರೆಸಿದ್ದು ನೆನಪಿದೆಯೇ? ಯಾವ ಹನಿಯಲ್ಲಿ ರಕ್ತ ಒಡೆದ ಮೊಸರಿನಂತೆ ಕಣಕಣವಾಗಿ ಗುಂಪುಗೂಡಿತು ಎಂಬುದರ ಮೇಲೆ ಗುಂಪು ನಿರ್ಧಾರವಾಯಿತು. ಅಂದು ಸಂಜೆ ಮನೆಗೆ ಹೋಗಿ ಅಪ್ಪ ಅಮ್ಮನ ಗುಂಪು ಕೇಳಿದ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಎದುರಾಗುತ್ತದೆ. 'ಅಪ್ಪನದು ಎ, ಅಮ್ಮನದು ಬಿ. ನನ್ನದು ಓ. ಇದು ಹೇಗೆ ಸಾಧ್ಯ?'

ಈ ಪ್ರಶ್ನೆಗೆ ಉತ್ತರ ಸುಲಭ. ಆದರೆ ಉತ್ತರವನ್ನು ಅರ್ಧ ತಿಳಿದವರ ಕೈಯಲ್ಲಿ ಅದು ಅಪಾಯಕಾರಿಯೂ ಆಗಬಲ್ಲದು. ತಿಳಿವಳಿಕೆಯ ಕೊರತೆಯಿಂದ ಹುಟ್ಟಿದ ಅನುಮಾನ ಒಂದು ಮನೆಯ ನೆಮ್ಮದಿಯನ್ನೇ ಕೆಡಿಸಬಹುದು. ಆದ್ದರಿಂದ ಈ ವಿಷಯವನ್ನು ಬುಡದಿಂದ ನೋಡೋಣ. ಒಂದು ಹಾಳೆ, ಒಂದು ಪೆನ್ಸಿಲು, ಎರಡು ನಾಣ್ಯ ಹತ್ತಿರ ಇಟ್ಟುಕೊಳ್ಳಿ.

ಗುಂಪು ಎಂದರೇನು?

1901ರಲ್ಲಿ ವಿಯೆನ್ನಾ ನಗರದ ವಿಜ್ಞಾನಿ ಕಾರ್ಲ್ ಲ್ಯಾಂಡ್‌ಸ್ಟೈನರ್ ತಮ್ಮ ಮತ್ತು ತಮ್ಮ ಸಹೋದ್ಯೋಗಿಗಳ ರಕ್ತವನ್ನು ಒಂದಕ್ಕೊಂದು ಬೆರೆಸಿ ನೋಡಿದ ಫಲಿತಾಂಶವನ್ನು ಪ್ರಕಟಿಸಿದರು. ಕೆಲವರ ರಕ್ತದ್ರವ ಕೆಲವರ ಕೆಂಪು ಕಣಗಳನ್ನು ಗಡ್ಡೆ ಕಟ್ಟಿಸುತ್ತಿತ್ತು, ಇನ್ನು ಕೆಲವರ ಕಣಗಳನ್ನು ಏನೂ ಮಾಡುತ್ತಿರಲಿಲ್ಲ. ಇದರಿಂದ ಮನುಷ್ಯರ ರಕ್ತದಲ್ಲಿ ಮೂರು ಬಗೆ ಇದೆ ಎಂದು ಅವರು ತೋರಿಸಿದರು. ಮರುವರ್ಷ ಅವರ ಜೊತೆಗಾರರು ನಾಲ್ಕನೆಯದನ್ನೂ ಕಂಡರು. ಅವೇ ಇಂದಿನ ಎ, ಬಿ, ಎಬಿ ಮತ್ತು ಓ. ಈ ಶೋಧಕ್ಕಾಗಿ ಲ್ಯಾಂಡ್‌ಸ್ಟೈನರ್ ಅವರಿಗೆ 1930ರಲ್ಲಿ ನೊಬೆಲ್ ಬಹುಮಾನ ಬಂತು.

ಕೆಂಪು ಕಣದ ಹೊರಮೈಯಲ್ಲಿ ಸಕ್ಕರೆಯ ಜಾತಿಗೆ ಸೇರಿದ ಪುಟ್ಟ ಸರಪಳಿಗಳು ಅಂಟಿಕೊಂಡಿರುತ್ತವೆ. ಮನೆಯ ಗೋಡೆಗೆ ಹೊಡೆದ ಗೂಟಗಳಂತೆ ಇವನ್ನು ಕಲ್ಪಿಸಿಕೊಳ್ಳಿ. ಈ ಮೂಲ ಗೂಟಕ್ಕೆ 'ಎಚ್' ಎಂದು ಹೆಸರು. ಗೂಟಕ್ಕೆ ಒಂದು ಬಗೆಯ ಸಕ್ಕರೆ ತೂಗಿದ್ದರೆ ಅದು ಎ ಗುರುತು. ಬೇರೊಂದು ಬಗೆಯ ಸಕ್ಕರೆ ತೂಗಿದ್ದರೆ ಅದು ಬಿ ಗುರುತು. ಎರಡೂ ಇದ್ದರೆ ಎಬಿ. ಗೂಟ ಬರಿದಾಗಿ ಉಳಿದಿದ್ದರೆ ಓ. ಇಂಥ ಗುರುತುಗಳನ್ನು ವಿಜ್ಞಾನದಲ್ಲಿ ಪ್ರತಿಜನಕಗಳು ಎನ್ನುತ್ತಾರೆ. ನಮ್ಮಲ್ಲಿ ಇಲ್ಲದ ಗುರುತಿನ ವಿರುದ್ಧ ಕಾದಾಡುವ ಪ್ರತಿಕಾಯಗಳು ನಮ್ಮ ರಕ್ತದ್ರವದಲ್ಲಿರುತ್ತವೆ. ಆದ್ದರಿಂದಲೇ ಎ ಗುಂಪಿನವರಿಗೆ ಬಿ ರಕ್ತ ಕೊಟ್ಟರೆ ಪ್ರಾಣಕ್ಕೇ ಸಂಚಕಾರ.

ಸಕ್ಕರೆಯನ್ನು ಗೂಟಕ್ಕೆ ತೂಗುಹಾಕುವ ಕೆಲಸಗಾರ ಒಂದು ಕಿಣ್ವ. ಆ ಕಿಣ್ವವನ್ನು ತಯಾರಿಸುವ ಆದೇಶ ಒಂಬತ್ತನೆಯ ವರ್ಣತಂತುವಿನ ಮೇಲಿರುವ ಒಂದು ವಂಶವಾಹಿಯಲ್ಲಿ ಬರೆದಿದೆ. 1990ರಲ್ಲಿ ಈ ವಂಶವಾಹಿಯ ಬರಹವನ್ನು ಓದಿದಾಗ ಒಂದು ಸೋಜಿಗ ಹೊರಬಿತ್ತು. ಎ ಕಿಣ್ವಕ್ಕೂ ಬಿ ಕಿಣ್ವಕ್ಕೂ ಇರುವ ವ್ಯತ್ಯಾಸ 354 ಅಮೈನೋ ಆಮ್ಲಗಳಲ್ಲಿ ಕೇವಲ ನಾಲ್ಕು. ಸಾಮಾನ್ಯವಾಗಿ ಕಾಣುವ ಓ ವಂಶವಾಹಿಯಲ್ಲಂತೂ ಬರಹದ ಒಂದೇ ಒಂದು ಅಕ್ಷರ ಬಿಟ್ಟುಹೋಗಿದೆ. ಅದರಿಂದ ಮುಂದಿನ ಓದೆಲ್ಲ ತಪ್ಪಿ, ಕಿಣ್ವ ಅರ್ಧಕ್ಕೇ ನಿಂತು, ಕೆಲಸಕ್ಕೆ ಬಾರದಾಗುತ್ತದೆ. ಗೂಟ ಬರಿದಾಗಿ ಉಳಿಯುವುದಕ್ಕೆ ಇದೇ ಕಾರಣ.

ಎರಡು ಅಕ್ಷರಗಳ ಪಾಲು

ಪ್ರತಿಯೊಬ್ಬರಲ್ಲೂ ಈ ವಂಶವಾಹಿಯ ಎರಡು ಪ್ರತಿಗಳಿವೆ. ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ. ಅಂದರೆ ನಿಮ್ಮ ಪ್ರಯೋಗದ ಪುಸ್ತಕದಲ್ಲಿ ನೀವು ಒಂದೇ ಅಕ್ಷರ ಬರೆದುಕೊಂಡಿದ್ದರೂ ನಿಮ್ಮೊಳಗೆ ಇರುವುದು ಎರಡು ಅಕ್ಷರ. ಎ ಮತ್ತು ಬಿ ಸಮಬಲದವು. ಎರಡೂ ಇದ್ದರೆ ಎರಡೂ ತೋರುತ್ತವೆ. ಓ ದುರ್ಬಲ, ಜೊತೆಗೆ ಎ ಅಥವಾ ಬಿ ಇದ್ದರೆ ಅದರ ಮರೆಯಲ್ಲಿ ಅಡಗಿಕೊಳ್ಳುತ್ತದೆ. ಹೀಗೆ ಆರು ಜೋಡಿಗಳು ಸಾಧ್ಯ, ಆದರೆ ಹೊರಗೆ ಕಾಣುವ ಗುಂಪು ನಾಲ್ಕೇ:

ಎ-ಎ ಅಥವಾ ಎ-ಓ ಇದ್ದವರು ಎ ಗುಂಪು.
ಬಿ-ಬಿ ಅಥವಾ ಬಿ-ಓ ಇದ್ದವರು ಬಿ ಗುಂಪು.
ಎ-ಬಿ ಇದ್ದವರು ಎಬಿ ಗುಂಪು.
ಓ-ಓ ಇದ್ದವರು ಓ ಗುಂಪು.

ಈಗ ಮೊದಲಿನ ಪ್ರಶ್ನೆಗೆ ಬನ್ನಿ. ಎ ಗುಂಪಿನ ತಂದೆ ಒಳಗೆ ಎ-ಓ ಆಗಿರಬಹುದು. ಬಿ ಗುಂಪಿನ ತಾಯಿ ಒಳಗೆ ಬಿ-ಓ ಆಗಿರಬಹುದು. ತಂದೆ ತನ್ನ ಎರಡು ಅಕ್ಷರಗಳಲ್ಲಿ ಒಂದನ್ನು ಮಾತ್ರ ಮಗುವಿಗೆ ಕೊಡುತ್ತಾನೆ, ತಾಯಿಯೂ ಅಷ್ಟೆ. ಯಾವುದನ್ನು ಎಂಬುದು ನಾಣ್ಯ ಚಿಮ್ಮಿದಂತೆ. ಹಾಳೆಯ ಮೇಲೆ ನಾಲ್ಕು ಕೋಣೆಯ ಚೌಕ ಬರೆದು, ಮೇಲುಗಡೆ ತಂದೆಯ ಎ, ಓ. ಎಡಗಡೆ ತಾಯಿಯ ಬಿ, ಓ ಎಂದು ಬರೆಯಿರಿ. ಕೋಣೆಗಳನ್ನು ತುಂಬಿದರೆ ಎ-ಬಿ, ಬಿ-ಓ, ಎ-ಓ, ಓ-ಓ ಸಿಗುತ್ತವೆ. ಎಬಿ, ಬಿ, ಎ, ಓ! ಒಂದೇ ದಂಪತಿಗೆ ನಾಲ್ಕೂ ಗುಂಪಿನ ಮಕ್ಕಳು ಹುಟ್ಟಬಹುದು. ಇವರಲ್ಲಿ ಓ ಮಗುವಿಗೆ ಎಬಿ ಅಣ್ಣನ ರಕ್ತ ಕೊಡುವಂತಿಲ್ಲ. ರಕ್ತ ಹಂಚಿಕೊಂಡು ಹುಟ್ಟಿದವರು ಎಂಬ ಮಾತು ಆಸ್ಪತ್ರೆಯಲ್ಲಿ ನಡೆಯದಿರುವುದು ಹೀಗೆ.

ಇದನ್ನು ನಾಣ್ಯಗಳಿಂದ ಪರೀಕ್ಷಿಸಿ. ಒಂದು ನಾಣ್ಯದ ಎರಡು ಮುಖಕ್ಕೆ ಎ ಮತ್ತು ಓ ಎಂಬ ಚೀಟಿ ಅಂಟಿಸಿ, ಇನ್ನೊಂದಕ್ಕೆ ಬಿ ಮತ್ತು ಓ. ಎರಡನ್ನೂ ಒಟ್ಟಿಗೆ ನಲವತ್ತು ಸಲ ಚಿಮ್ಮಿ, ಬಂದ ಜೋಡಿಯನ್ನು ಬರೆದುಕೊಳ್ಳಿ. ಒಂದೊಂದು ಗುಂಪೂ ಹತ್ತರ ಆಸುಪಾಸಿನಲ್ಲಿ ಬರುತ್ತದೆ. ಆದರೆ ಮೊದಲ ನಾಲ್ಕು ಚಿಮ್ಮುವಿಕೆಗಳನ್ನು ಮಾತ್ರ ನೋಡಿ. ನಾಲ್ಕಕ್ಕೆ ನಾಲ್ಕೂ ಬೇರೆ ಬೇರೆ ಬರುವುದು ಅಪರೂಪ. ಒಂದೇ ಗುಂಪು ಎರಡು ಮೂರು ಸಲ ಬಂದಿರುತ್ತದೆ. 'ನಾಲ್ಕರಲ್ಲಿ ಒಂದು' ಎಂದರೆ ಮನೆಯಲ್ಲಿ ನಾಲ್ಕು ಮಕ್ಕಳಿದ್ದರೆ ತಲೆಗೊಂದು ಎಂಬ ಅರ್ಥವಲ್ಲ. ಪ್ರತಿ ಮಗುವಿಗೂ ನಾಣ್ಯ ಹೊಸದಾಗಿ ಚಿಮ್ಮುತ್ತದೆ. ಹಿಂದಿನ ಮಗುವಿಗೆ ಏನು ಬಂದಿತ್ತೆಂಬ ನೆನಪು ನಾಣ್ಯಕ್ಕಿಲ್ಲ.

ಇನ್ನು ಎಲ್ಲ ಜೋಡಿಗಳ ಪಟ್ಟಿ. ಹಾಳೆಯಲ್ಲಿ ಚೌಕ ಬರೆದು ಒಂದೊಂದನ್ನೂ ನೀವೇ ತಾಳೆ ನೋಡಿ.

ಓ ಮತ್ತು ಓ: ಮಕ್ಕಳು ಓ ಮಾತ್ರ.
ಓ ಮತ್ತು ಎ: ಓ ಅಥವಾ ಎ.
ಓ ಮತ್ತು ಬಿ: ಓ ಅಥವಾ ಬಿ.
ಓ ಮತ್ತು ಎಬಿ: ಎ ಅಥವಾ ಬಿ.
ಎ ಮತ್ತು ಎ: ಎ ಅಥವಾ ಓ.
ಬಿ ಮತ್ತು ಬಿ: ಬಿ ಅಥವಾ ಓ.
ಎ ಮತ್ತು ಬಿ: ನಾಲ್ಕರಲ್ಲಿ ಯಾವುದಾದರೂ.
ಎ ಮತ್ತು ಎಬಿ: ಎ, ಬಿ ಅಥವಾ ಎಬಿ.
ಬಿ ಮತ್ತು ಎಬಿ: ಎ, ಬಿ ಅಥವಾ ಎಬಿ.
ಎಬಿ ಮತ್ತು ಎಬಿ: ಎ, ಬಿ ಅಥವಾ ಎಬಿ.

ನಾಲ್ಕನೆಯ ಸಾಲನ್ನು ಇನ್ನೊಮ್ಮೆ ಓದಿ. ತಂದೆ ಓ, ತಾಯಿ ಎಬಿ ಆದರೆ ಮಕ್ಕಳಲ್ಲಿ ಒಬ್ಬರೂ ತಂದೆಯ ಗುಂಪಿನವರಲ್ಲ, ತಾಯಿಯ ಗುಂಪಿನವರೂ ಅಲ್ಲ! 'ಮಗನಿಗೆ ಅಪ್ಪನ ಗುಂಪು, ಮಗಳಿಗೆ ಅಮ್ಮನ ಗುಂಪು' ಎಂಬ ನಂಬಿಕೆ ಕೆಲವೆಡೆ ಇದೆ. ಅದಕ್ಕೆ ಯಾವ ಆಧಾರವೂ ಇಲ್ಲ. ಒಂಬತ್ತನೆಯ ವರ್ಣತಂತುವಿಗೂ ಮಗು ಗಂಡೋ ಹೆಣ್ಣೋ ಎಂಬುದಕ್ಕೂ ಸಂಬಂಧವಿಲ್ಲ.

ಇನ್ನೊಂದು ಸಂಗತಿ. ಎ ಗುಂಪಿನ ವ್ಯಕ್ತಿ ಎ-ಎ ಯೋ ಎ-ಓ ವೋ ಎಂಬುದನ್ನು ಪ್ರಯೋಗಶಾಲೆಯ ಆ ಗಾಜಿನ ಫಲಕ ಹೇಳಲಾರದು. ಆದರೆ ಅವರಿಗೆ ಓ ಗುಂಪಿನ ಒಂದು ಮಗು ಹುಟ್ಟಿದರೆ ಸಾಕು, ಅವರು ಎ-ಓ ಎಂದು ಖಚಿತವಾಗುತ್ತದೆ. ಮೊಮ್ಮಗಳ ರಕ್ತ ನೋಡಿ ಅಜ್ಜಿಯೊಳಗಿನ ಅಡಗಿದ ಅಕ್ಷರವನ್ನು ಎಷ್ಟೋ ಸಲ ಊಹಿಸಬಹುದು. ತಲೆಮಾರುಗಳ ಕಾಲ ಮರೆಯಲ್ಲಿದ್ದ ಅಕ್ಷರ ಒಂದು ದಿನ ಹೊರಗೆ ಕಾಣಿಸಿಕೊಳ್ಳುವುದೇ ಆನುವಂಶಿಕತೆಯ ಸ್ವಾರಸ್ಯ.

ಲೆಕ್ಕದ ಮೇಷ್ಟರು ಬಿಡಿಸಿದ ಒಗಟು

ಈ ಪಟ್ಟಿ ಒಂದೇ ದಿನದಲ್ಲಿ ಸಿದ್ಧವಾದದ್ದಲ್ಲ. 1910ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಎಮಿಲ್ ಫಾನ್ ಡುಂಗೆರ್ನ್ ಮತ್ತು ಲುಡ್ವಿಕ್ ಹಿರ್ಷ್‌ಫೆಲ್ಡ್ ಎಂಬ ವಿಜ್ಞಾನಿಗಳು ಅನೇಕ ಕುಟುಂಬಗಳ ರಕ್ತ ಪರೀಕ್ಷಿಸಿ, ರಕ್ತದ ಗುಂಪು ಮೆಂಡೆಲ್ ನಿಯಮದಂತೆ ತಂದೆ ತಾಯಿಯಿಂದ ಬರುತ್ತದೆ ಎಂದು ತೋರಿಸಿದರು. ಆದರೆ ಎ ಗುರುತಿಗೆ ಒಂದು ಜೋಡಿ ವಂಶವಾಹಿ, ಬಿ ಗುರುತಿಗೆ ಬೇರೆಯೇ ಒಂದು ಜೋಡಿ ವಂಶವಾಹಿ ಎಂದು ಅವರು ಭಾವಿಸಿದ್ದರು. ಹಾಗಿದ್ದರೆ ಎಬಿ ತಾಯಿಗೆ ಓ ಮಗು ಹುಟ್ಟುವುದು ಸಹಜವೇ ಆಗಬೇಕಿತ್ತು.

ಮೊದಲ ಮಹಾಯುದ್ಧದ ಕಾಲದಲ್ಲಿ ಲುಡ್ವಿಕ್ ಮತ್ತು ಅವರ ಪತ್ನಿ ಹಾನ್ನಾ ಹಿರ್ಷ್‌ಫೆಲ್ಡ್ ಗ್ರೀಸ್‌ನ ಸಲೋನಿಕಾ ರಣರಂಗದಲ್ಲಿ ವೈದ್ಯರಾಗಿದ್ದರು. ಅಲ್ಲಿ ಹಲವು ದೇಶಗಳ ಸೈನಿಕರು ನೆರೆದಿದ್ದರು. ನಮ್ಮ ಭಾರತದ ಸಿಪಾಯಿಗಳೂ ಇದ್ದರು. ದಂಪತಿಗಳು ಸಾವಿರಾರು ಸೈನಿಕರ ರಕ್ತದ ಗುಂಪನ್ನು ಬರೆದಿಟ್ಟು 1919ರಲ್ಲಿ ಪ್ರಕಟಿಸಿದರು. ಯುರೋಪಿನವರಲ್ಲಿ ಎ ಹೆಚ್ಚು, ಭಾರತೀಯರಲ್ಲಿ ಎ ಗಿಂತ ಬಿ ಹೆಚ್ಚು ಎಂಬುದು ಆಗ ಜಗತ್ತಿಗೆ ತಿಳಿಯಿತು.

ಈ ಅಂಕಿಅಂಶಗಳ ರಾಶಿ ಗಾಟಿಂಗೆನ್ ನಗರದ ಗಣಿತಜ್ಞ ಫೆಲಿಕ್ಸ್ ಬರ್ನ್‌ಸ್ಟೈನ್ ಅವರ ಗಮನ ಸೆಳೆಯಿತು. 1924ರಲ್ಲಿ ಅವರು ಒಂದು ಸರಳ ತರ್ಕ ಮುಂದಿಟ್ಟರು. ಅದನ್ನು ಒಂದು ಕಲ್ಪಿತ ಊರಿನಿಂದ ತಿಳಿಯೋಣ. ಊರಿನಲ್ಲಿ ನೂರಕ್ಕೆ 30 ಮಂದಿಯಲ್ಲಿ ಎ ಗುರುತಿದೆ, ನೂರಕ್ಕೆ 40 ಮಂದಿಯಲ್ಲಿ ಬಿ ಗುರುತಿದೆ ಎಂದುಕೊಳ್ಳಿ. ಎರಡೂ ಗುರುತು ಒಂದಕ್ಕೊಂದು ಸಂಬಂಧವಿಲ್ಲದೆ ಬರುವುದಾದರೆ ಎರಡೂ ಇರುವವರು, ಅಂದರೆ ಎಬಿ ಗುಂಪಿನವರು, 30ರ ಶೇಕಡಾ 40, ಎಂದರೆ ನೂರಕ್ಕೆ 12 ಇರಬೇಕು. ಒಂದೇ ಸ್ಥಾನಕ್ಕೆ ಎ, ಬಿ, ಓ ಎಂಬ ಮೂರು ಅಕ್ಷರಗಳು ಪೈಪೋಟಿ ನಡೆಸುತ್ತವೆ ಎಂದು ಲೆಕ್ಕ ಹಾಕಿದರೆ ಎಬಿ ಗುಂಪಿನವರು ನೂರಕ್ಕೆ ಸುಮಾರು 7 ಮಾತ್ರ. ನಿಜವಾದ ಜನರ ಎಣಿಕೆಯಲ್ಲಿ ಎಲ್ಲೆಲ್ಲೂ ಎಬಿ ಸಂಖ್ಯೆ ಎರಡನೆಯ ಲೆಕ್ಕಕ್ಕೆ ಹೊಂದುತ್ತಿತ್ತು. ಬರ್ನ್‌ಸ್ಟೈನ್ ಹೇಳಿದ್ದೇ ಸರಿ ಎಂದು ಆಮೇಲೆ ಎಚ್ಚರಿಕೆಯಿಂದ ಮಾಡಿದ ಕುಟುಂಬ ಪರೀಕ್ಷೆಗಳೂ ತೋರಿಸಿದವು. ಎಬಿ ತಾಯಿಯಲ್ಲಿ ಕೊಡಲು ಓ ಅಕ್ಷರವೇ ಇಲ್ಲ. ಗಣಿತಕ್ಕೂ ಜೀವಶಾಸ್ತ್ರಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಇದೊಂದು ಒಳ್ಳೆಯ ಉತ್ತರ.

ಅಲ್ಲ ಎನ್ನಬಲ್ಲದು, ಹೌದು ಎನ್ನಲಾರದು

ಇಂಥ ಪಟ್ಟಿ ಕೈಗೆ ಬಂದ ಮೇಲೆ ಅದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಮಗುವಿನ ತಂದೆ ಯಾರು ಎಂಬ ವ್ಯಾಜ್ಯಗಳಲ್ಲಿ ರಕ್ತದ ಗುಂಪನ್ನು ಸಾಕ್ಷಿಯಾಗಿ ತರುವ ಪದ್ಧತಿ ಯುರೋಪಿನಲ್ಲಿ 1920ರ ದಶಕದಲ್ಲೇ ಶುರುವಾಯಿತು. ಹೆಸರಾಂತ ಮೊಕದ್ದಮೆಯೊಂದು ಅಮೆರಿಕದ ಕ್ಯಾಲಿಫೋರ್ನಿಯಾದ್ದು. ನಮ್ಮನ್ನೆಲ್ಲ ನಗಿಸಿದ ಚಾರ್ಲಿ ಚಾಪ್ಲಿನ್ ಅದರಲ್ಲಿ ಪ್ರತಿವಾದಿ. 1943ರಲ್ಲಿ ಹುಟ್ಟಿದ ಒಂದು ಮಗುವಿಗೆ ಆತನೇ ತಂದೆ ಎಂದು ದಾವೆ ಹೂಡಲಾಗಿತ್ತು. ತಾಯಿಯ ಗುಂಪು ಎ, ಮಗುವಿನದು ಬಿ, ಚಾಪ್ಲಿನ್‌ರದು ಓ.

ನಿಮ್ಮ ಹಾಳೆ ನೋಡಿ. ಮಗುವಿನ ಬಿ ಅಕ್ಷರ ತಾಯಿಯಿಂದ ಬಂದಿರಲಾರದು. ಅದು ತಂದೆಯಿಂದಲೇ ಬರಬೇಕು. ಓ ಗುಂಪಿನ ಚಾಪ್ಲಿನ್ ಬಳಿ ಬಿ ಇಲ್ಲ. ವೈದ್ಯರು ಹೀಗೆಯೇ ಸಾಕ್ಷಿ ನುಡಿದರು. ಆದರೆ ಆಗಿನ ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ರಕ್ತಪರೀಕ್ಷೆ ಕೊನೆಯ ಮಾತಾಗಿರಲಿಲ್ಲ. 1945ರಲ್ಲಿ ತೀರ್ಪುಗಾರರು ಚಾಪ್ಲಿನ್‌ರೇ ತಂದೆ ಎಂದು ತೀರ್ಮಾನಿಸಿದರು. ಆತ ಮಗುವಿನ ಪೋಷಣೆಗೆ ಹಣ ಕೊಡಬೇಕಾಯಿತು. 1953ರಲ್ಲಿ ಆ ರಾಜ್ಯ ತನ್ನ ಕಾನೂನನ್ನು ಬದಲಿಸಿತು.

ಇನ್ನೊಂದು ಬದಿಯನ್ನೂ ನೋಡಬೇಕು. ಚಾಪ್ಲಿನ್‌ರದು ಬಿ ಗುಂಪಾಗಿದ್ದಿದ್ದರೆ ಆತನೇ ತಂದೆ ಎಂದು ಸಿದ್ಧವಾಗುತ್ತಿತ್ತೇ? ಇಲ್ಲ. ಬಿ ಅಕ್ಷರ ಹೊತ್ತ ಗಂಡಸರು ಆ ಊರಿನಲ್ಲಿ ಸಾವಿರಾರು ಮಂದಿ ಇದ್ದರು. ರಕ್ತದ ಗುಂಪು 'ಇವರಲ್ಲ' ಎಂದು ಹೇಳಬಲ್ಲದು. 'ಇವರೇ' ಎಂದು ಹೇಳಲಾರದು. ಇಂದು ನ್ಯಾಯಾಲಯಗಳು ಈ ಕೆಲಸಕ್ಕೆ ಡಿಎನ್‌ಎ ಪರೀಕ್ಷೆಯನ್ನು ಅವಲಂಬಿಸುತ್ತವೆ.

ಮುಂಬೈ ಕಲಿಸಿದ ಪಾಠ

'ಇವರಲ್ಲ' ಎಂಬ ಮಾತನ್ನೂ ಎಚ್ಚರದಿಂದಲೇ ಆಡಬೇಕು ಎಂದು ಕಲಿಸಿದ್ದು ನಮ್ಮ ದೇಶ. 1952ರಲ್ಲಿ ಮುಂಬೈಯ ವೈದ್ಯ ವೈ. ಎಂ. ಭೇಂಡೆ ಮತ್ತು ಅವರ ಸಹೋದ್ಯೋಗಿಗಳು ಲ್ಯಾನ್ಸೆಟ್ ಎಂಬ ಪತ್ರಿಕೆಯಲ್ಲಿ ವಿಚಿತ್ರವಾದ ರಕ್ತವೊಂದನ್ನು ವರ್ಣಿಸಿದರು. ಸಾಮಾನ್ಯ ಪರೀಕ್ಷೆಯಲ್ಲಿ ಅದು ಓ ಎಂದೇ ತೋರುತ್ತಿತ್ತು. ಆದರೆ ಓ ಗುಂಪಿನ ಯಾರ ರಕ್ತವನ್ನು ಬೆರೆಸಿದರೂ ಗಡ್ಡೆ ಕಟ್ಟುತ್ತಿತ್ತು. ಇದಕ್ಕೆ 'ಬಾಂಬೆ ಗುಂಪು' ಎಂಬ ಹೆಸರು ಬಂತು.

ನಮ್ಮ ಗೂಟದ ಹೋಲಿಕೆ ಇಲ್ಲಿ ನೆರವಾಗುತ್ತದೆ. ಬಾಂಬೆ ಗುಂಪಿನವರ ಕೆಂಪು ಕಣಗಳಲ್ಲಿ ಎಚ್ ಎಂಬ ಮೂಲ ಗೂಟವೇ ಇಲ್ಲ. ಗೂಟ ಹೊಡೆಯುವ ವಂಶವಾಹಿ ಬೇರೆ. ಅದು ಹತ್ತೊಂಬತ್ತನೆಯ ವರ್ಣತಂತುವಿನ ಮೇಲಿದೆ. ಅದರ ಎರಡೂ ಪ್ರತಿಗಳು ಕೆಟ್ಟಿದ್ದರೆ ಗೂಟ ಮೂಡುವುದಿಲ್ಲ. ಅಂಥವರಲ್ಲಿ ಎ ಅಥವಾ ಬಿ ಅಕ್ಷರ ಇದ್ದರೂ, ಸಕ್ಕರೆ ಸಿದ್ಧವಾಗಿದ್ದರೂ, ಗೂಟವಿಲ್ಲದ ಗೋಡೆಗೆ ತೂಗುಹಾಕುವುದು ಹೇಗೆ? ಹೊರಗೆ ಓ, ಒಳಗೆ ಬಿ! 1955ರಲ್ಲಿ ಅಮೆರಿಕದಲ್ಲಿ ಫಿಲಿಪ್ ಲೆವಿನ್ ಮತ್ತು ಜೊತೆಗಾರರು ಇಂಥದೇ ಕುಟುಂಬವೊಂದನ್ನು ವಿವರಿಸಿದರು. ಓ ಎಂದು ತೋರುತ್ತಿದ್ದ ತಾಯಿ ತನ್ನ ಮಗಳಿಗೆ ಬಿ ಅಕ್ಷರ ಕೊಟ್ಟಿದ್ದಳು. ಮಗಳ ಗುಂಪು ಎಬಿ ಆಗಿತ್ತು. ಮಗಳಿಗೆ ತಂದೆಯ ಕಡೆಯಿಂದ ಒಳ್ಳೆಯ ಗೂಟ ದೊರೆತಿದ್ದರಿಂದ ತಾಯಿಯಲ್ಲಿ ಅಡಗಿದ್ದ ಬಿ ಅವಳಲ್ಲಿ ಕಾಣಿಸಿಕೊಂಡಿತು. ಪಟ್ಟಿಯನ್ನಷ್ಟೇ ನೋಡುವವರು ಆ ತಾಯಿ ಮಗಳನ್ನು ತಾಯಿ ಮಗಳೇ ಅಲ್ಲ ಎಂದುಬಿಡುತ್ತಿದ್ದರು!

ಭಾರತದಲ್ಲಿ ಸುಮಾರು ಹತ್ತು ಸಾವಿರ ಜನರಲ್ಲಿ ಒಬ್ಬರು ಬಾಂಬೆ ಗುಂಪಿನವರು ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ನಮ್ಮ ಕರ್ನಾಟಕದಲ್ಲೂ ಇವರಿದ್ದಾರೆ. ಇವರಿಗೆ ಬಾಂಬೆ ಗುಂಪಿನವರ ರಕ್ತವನ್ನೇ ಕೊಡಬೇಕು. ಓ ರಕ್ತ ಕೊಟ್ಟರೆ ಜೀವಕ್ಕೆ ಅಪಾಯ. ರಕ್ತ ಕೊಡುವ ಮೊದಲು ದಾನಿಯ ಕಣವನ್ನೂ ರೋಗಿಯ ರಕ್ತದ್ರವವನ್ನೂ ಬೆರೆಸಿ ನೋಡುವ ತಾಳೆ ಪರೀಕ್ಷೆಯನ್ನು ಯಾವ ಅವಸರದಲ್ಲೂ ಕೈಬಿಡಬಾರದು ಎನ್ನಲು ಇದೂ ಒಂದು ಕಾರಣ.

ಬಹಳ ವಿರಳವಾಗಿ ಎ ಮತ್ತು ಬಿ ಎರಡರ ಕೆಲಸವನ್ನೂ ಒಂದೇ ಪ್ರತಿ ಮಾಡುವುದುಂಟು. ಅಂಥ ಎಬಿ ವ್ಯಕ್ತಿಯ ಇನ್ನೊಂದು ಪ್ರತಿ ಓ ಆಗಿದ್ದರೆ ಓ ಮಗು ಹುಟ್ಟಬಲ್ಲದು. ಕೆಲವರಲ್ಲಿ ಎ ಗುರುತು ಎಷ್ಟು ಕ್ಷೀಣವೆಂದರೆ ಸಾಮಾನ್ಯ ಪರೀಕ್ಷೆ ಅದನ್ನು ಓ ಎಂದೇ ಓದುತ್ತದೆ.

2025ರಲ್ಲಿ ಕರ್ನಾಟಕದಿಂದಲೇ ಇನ್ನೊಂದು ಸುದ್ದಿ ಬಂತು. ಹೃದಯದ ಶಸ್ತ್ರಚಿಕಿತ್ಸೆಗೆ ಬಂದ ಕೋಲಾರದ ಕಡೆಯ ಮಹಿಳೆಯೊಬ್ಬರ ಗುಂಪು ಓ ಪಾಸಿಟಿವ್. ಆದರೆ ಓ ಪಾಸಿಟಿವ್ ರಕ್ತ ಯಾವುದೂ ಹೊಂದಲಿಲ್ಲ. ಅವರ ಕುಟುಂಬದ ಇಪ್ಪತ್ತು ಮಂದಿಯ ರಕ್ತ ಪರೀಕ್ಷಿಸಿದರೂ ಒಂದೂ ಹೊಂದಲಿಲ್ಲ. ಬೆಂಗಳೂರಿನ ಮತ್ತು ಇಂಗ್ಲೆಂಡಿನ ಪ್ರಯೋಗಾಲಯಗಳು ತಿಂಗಳುಗಟ್ಟಲೆ ಶೋಧಿಸಿ ಹೊಸದೊಂದು ಪ್ರತಿಜನಕವನ್ನು ಗುರುತಿಸಿದವು. ಕ್ರೋಮರ್ ಎಂಬ ವರ್ಗಕ್ಕೆ ಸೇರಿದ ಅದಕ್ಕೆ ಭಾರತ ಮತ್ತು ಬೆಂಗಳೂರಿನ ಮೊದಲಕ್ಷರ ಸೇರಿಸಿ 'ಕ್ರಿಬ್' ಎಂದು ಹೆಸರಿಟ್ಟರು. ವಿಜ್ಞಾನಿಗಳು ಇಂದು ಗುರುತಿಸಿರುವ ರಕ್ತವರ್ಗ ಪದ್ಧತಿಗಳು 45ಕ್ಕೂ ಹೆಚ್ಚು. ಎ, ಬಿ, ಓ ಎಂಬುದು ಅವುಗಳಲ್ಲಿ ಒಂದು ಮಾತ್ರ.

ಪಾಸಿಟಿವ್, ನೆಗೆಟಿವ್

ಪ್ರಯೋಗಶಾಲೆಯ ಮೂರನೆಯ ಹನಿ ಆರ್‌ಎಚ್ ಪರೀಕ್ಷೆಗೆ. ಡಿ ಎಂಬ ಗುರುತು ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಇದರ ವಂಶವಾಹಿಯೇ ಬೇರೆ, ಆದ್ದರಿಂದ ಇದು ಎ, ಬಿ, ಓ ಗಳ ಹಂಗಿಲ್ಲದೆ ಬರುತ್ತದೆ. ಇಲ್ಲಿಯೂ ಎರಡು ಪ್ರತಿಗಳು. ಡಿ ಪ್ರಬಲ. ತಂದೆ ತಾಯಿ ಇಬ್ಬರೂ ಪಾಸಿಟಿವ್ ಆಗಿದ್ದು, ಇಬ್ಬರಲ್ಲೂ ಡಿ ಇಲ್ಲದ ಒಂದೊಂದು ಪ್ರತಿ ಅಡಗಿದ್ದರೆ ನಾಲ್ಕರಲ್ಲಿ ಒಂದು ಪಾಲು ಮಗು ನೆಗೆಟಿವ್ ಆಗುವ ಸಾಧ್ಯತೆಯುಂಟು. ಇಬ್ಬರೂ ನೆಗೆಟಿವ್ ಆದರೆ ಮಕ್ಕಳೂ ನೆಗೆಟಿವ್. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು ಐದು ಮಂದಿ ನೆಗೆಟಿವ್.

ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆಗಿ, ಮಗು ತಂದೆಯಿಂದ ಡಿ ಪಡೆದಿದ್ದರೆ ಮಾತ್ರ ಎಚ್ಚರ ಬೇಕು. ಹೆರಿಗೆಯ ಸಮಯದಲ್ಲಿ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರಿದರೆ ತಾಯಿಯಲ್ಲಿ ಡಿ ವಿರುದ್ಧ ಪ್ರತಿಕಾಯಗಳು ಹುಟ್ಟುತ್ತವೆ. ಮೊದಲ ಮಗುವಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮುಂದಿನ ಪಾಸಿಟಿವ್ ಮಗುವಿನ ರಕ್ತಕಣಗಳನ್ನು ಅವು ನಾಶಮಾಡಬಲ್ಲವು. ಹಿಂದೆ ಎಷ್ಟೋ ಮನೆಗಳಲ್ಲಿ ಮೊದಲ ಮಗು ಗಟ್ಟಿಯಾಗಿದ್ದು ಆಮೇಲಿನ ಮಕ್ಕಳು ಉಳಿಯದಿದ್ದಾಗ ತಾಯಿಯ ಹಣೆಬರಹವನ್ನು ಹಳಿಯುತ್ತಿದ್ದರು. 1968ರಿಂದ ಇದಕ್ಕೆ ಆಂಟಿ-ಡಿ ಎಂಬ ಚುಚ್ಚುಮದ್ದು ಬಳಕೆಯಲ್ಲಿದೆ. ಬಸುರಿನ ಏಳನೆಯ ತಿಂಗಳ ಹೊತ್ತಿಗೆ, ಮತ್ತು ಹೆರಿಗೆಯಾದ 72 ಗಂಟೆಗಳ ಒಳಗೆ ಇದನ್ನು ಕೊಟ್ಟರೆ ಮುಂದಿನ ಮಗುವನ್ನು ಕಾಪಾಡಬಹುದು. ಗುಂಪು ತಿಳಿದಿರುವುದರ ಲಾಭ ಇದು.

ಒಂದೇ ಗುಂಪು ಬೇರೆ, ಒಂದೇ ರಕ್ತ ಬೇರೆ

'ಗಂಡ ಹೆಂಡತಿ ಒಂದೇ ರಕ್ತದ ಗುಂಪಿನವರಾದರೆ ಮಕ್ಕಳಿಗೆ ಅಂಗವೈಕಲ್ಯ ಬರುತ್ತದೆ' ಎಂಬ ಮಾತು ನಮ್ಮ ಹಳ್ಳಿ ಪಟ್ಟಣಗಳಲ್ಲಿ ಹಬ್ಬಿದೆ. ಇದು ಸುಳ್ಳು. ಓ ಗುಂಪಿನ ಇಬ್ಬರು ಮದುವೆಯಾದರೆ ಮಕ್ಕಳು ಓ ಆಗುತ್ತಾರೆ, ಅಷ್ಟೆ. ಈ ಗೊಂದಲ ಹುಟ್ಟಿರುವುದು ಬಹುಶಃ ಮಾತಿನಿಂದ. ಸೋದರಮಾವ ಮತ್ತು ಸೊಸೆ, ಅತ್ತೆಯ ಮಗ ಮತ್ತು ಮಾವನ ಮಗಳು ಮದುವೆಯಾಗುವುದು ನಮ್ಮಲ್ಲಿ ರೂಢಿಯಲ್ಲಿದೆ. ಅಂಥ ರಕ್ತ ಸಂಬಂಧದ ಮದುವೆಗಳಲ್ಲಿ, ಒಂದೇ ಅಜ್ಜ ಅಜ್ಜಿಯಿಂದ ಬಂದ ಕೆಟ್ಟ ವಂಶವಾಹಿ ಇಬ್ಬರಲ್ಲೂ ಅಡಗಿದ್ದು ಮಗುವಿನಲ್ಲಿ ಜೋಡಿಯಾಗುವ ಸಂಭವ ಹೆಚ್ಚು. ಗೂಟವಿಲ್ಲದ ಬಾಂಬೆ ಗುಂಪು ಇಂಥ ಕುಟುಂಬಗಳಲ್ಲಿ ಹೆಚ್ಚಾಗಿ ಕಾಣುವುದೂ ಇದರಿಂದಲೇ. ಅಲ್ಲಿ ಕಾರಣ ಬಂಧುತ್ವ. ರಕ್ತದ ಗುಂಪಿಗೆ ಅದರಲ್ಲಿ ಪಾತ್ರವಿಲ್ಲ. ಗುಂಪು ಒಂದೇ ಎಂಬ ಕಾರಣಕ್ಕೆ ಯಾವುದೇ ಸಂಬಂಧವನ್ನು ಮುರಿಯಬೇಕಿಲ್ಲ. ಗುಂಪು ಬೇರೆ ಎಂಬ ಧೈರ್ಯದಿಂದ ಹತ್ತಿರದ ಬಂಧುಗಳ ಮದುವೆ ನಿರಪಾಯವೂ ಆಗುವುದಿಲ್ಲ.

ಹೀಗೆಯೇ, ರಕ್ತ ಬೇಕಾದಾಗ ಬಂಧುಗಳದೇ ಉತ್ತಮ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ತೀರ ಹತ್ತಿರದ ಬಂಧುವಿನ ರಕ್ತದಲ್ಲಿರುವ ಬಿಳಿಯ ಕಣಗಳನ್ನು ರೋಗಿಯ ದೇಹ ಹೊರಗಿನವೆಂದು ಗುರುತಿಸದೆ ಒಳಗೆ ಬಿಟ್ಟುಕೊಂಡು, ಅವು ರೋಗಿಯ ಅಂಗಗಳ ಮೇಲೇ ತಿರುಗಿಬೀಳುವ ಕಾಯಿಲೆ ಅಪರೂಪವಾಗಿ ಉಂಟು. ಅದನ್ನು ತಪ್ಪಿಸಲು ಅಂಥ ರಕ್ತಕ್ಕೆ ಮೊದಲು ವಿಕಿರಣ ಹಾಯಿಸುತ್ತಾರೆ. ಸ್ವಯಂಪ್ರೇರಿತರಾಗಿ ದಾನ ಮಾಡುವ ಅಪರಿಚಿತರು ನಮಗೆ ಎಷ್ಟು ಬೇಕಾದವರು ಎಂಬುದನ್ನು ಇದರಿಂದ ತಿಳಿಯಬಹುದು.

ಕೊನೆಯದಾಗಿ ಒಂದು ಮಾತು. ನಾಳೆ ನಿಮ್ಮ ತರಗತಿಯಲ್ಲಿ ಯಾರದಾದರೂ ಗುಂಪು ಅವರ ತಂದೆ ತಾಯಿಯ ಗುಂಪಿಗೆ ಪಟ್ಟಿಯಂತೆ ಹೊಂದದಿದ್ದರೆ ಏನು ಮಾಡುತ್ತೀರಿ? ಮೊದಲು ಚೀಟಿಯನ್ನು ಅನುಮಾನಿಸಿ. ಹಳೆಯ ಗುರುತಿನ ಚೀಟಿಯಲ್ಲಿ, ವಾಹನ ಪರವಾನಗಿಯಲ್ಲಿ ಯಾರೋ ಕೇಳಿ ಬರೆದ ಗುಂಪು ತಪ್ಪಾಗಿರಬಹುದು. ಆಮೇಲೆ ಪ್ರಯೋಗವನ್ನು ಅನುಮಾನಿಸಿ. ಹಳೆಯದಾದ ದ್ರವ, ಬೆರೆತುಹೋದ ಕಡ್ಡಿ, ಅವಸರದ ಕಣ್ಣು, ಇವೆಲ್ಲ ತಪ್ಪು ಉತ್ತರ ಕೊಡಬಲ್ಲವು. ರಕ್ತನಿಧಿಯಲ್ಲಿ ಮತ್ತೊಮ್ಮೆ ಪರೀಕ್ಷಿಸಿದರೆ ಬಹುಪಾಲು ಒಗಟುಗಳು ಅಲ್ಲೇ ಬಿಡುತ್ತವೆ. ಉಳಿದವುಗಳಲ್ಲಿ ಬಾಂಬೆ ಗುಂಪು ಇರಬಹುದು, ಕ್ಷೀಣವಾದ ಎ ಇರಬಹುದು. ಅದನ್ನು ತಜ್ಞರು ನೋಡುತ್ತಾರೆ. ದತ್ತು ಬಂದ ಮಕ್ಕಳಿರುವ ಮನೆಗಳೂ ಇವೆ. ಅಲ್ಲಿ ತಂದೆ ತಾಯಿ ಎನ್ನಿಸಿಕೊಳ್ಳಲು ಅಕ್ಷರಗಳು ಹೊಂದಬೇಕಾಗಿಲ್ಲ. ಆದ್ದರಿಂದ ಸಹಪಾಠಿಯ ಎದುರು 'ನಿನ್ನ ಗುಂಪು ಹೊಂದುತ್ತಿಲ್ಲವಲ್ಲ' ಎಂದು ತಮಾಷೆಗೂ ಅನ್ನಬೇಡಿ.

ಹದಿನೆಂಟು ತುಂಬಿದ, ಆರೋಗ್ಯವಂತರಾದ ವಿದ್ಯಾರ್ಥಿಗಳು ಹತ್ತಿರದ ರಕ್ತನಿಧಿಗೆ ಹೋಗಿ ರಕ್ತದಾನ ಮಾಡಬಹುದು. ನಿಮ್ಮ ಗುಂಪು ಯಾವುದೆಂದು ಅಲ್ಲಿ ಸರಿಯಾಗಿ ತಿಳಿಯುತ್ತದೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ನಿಮಗೆ ಬಂದ ಆ ಎರಡು ಅಕ್ಷರಗಳು ಎಂದೂ ಕಾಣದ ಒಬ್ಬರ ಜೀವಕ್ಕೆ ಹೊಂದಿಕೊಂಡರೆ, ಅದೂ ಒಂದು ರಕ್ತ ಸಂಬಂಧವೇ.